ಕಡಲ ಮೇಲೆ ಎರಡು ರೈಲುಗಳು

1912ರ ಜನವರಿ 22ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ತುತ್ತತುದಿಯಲ್ಲಿರುವ ಕೀ ವೆಸ್ಟ್ ಎಂಬ ದ್ವೀಪಕ್ಕೆ ಮೊದಲ ರೈಲು ಬಂತು. ಅದಾಗಿ ಎರಡು ವರ್ಷ ಒಂದು ತಿಂಗಳಿಗೆ, 1914ರ ಫೆಬ್ರವರಿ 24ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಪಾಂಬನ್ ಸೇತುವೆ ತೆರೆಯಿತು. ರೈಲು ಕಡಲು ದಾಟಿ ರಾಮೇಶ್ವರದ ದ್ವೀಪಕ್ಕೂ ಅಲ್ಲಿಂದ ಧನುಷ್ಕೋಡಿಗೂ ಹೋಗತೊಡಗಿತು.

ಭೂಗೋಲದ ಆಚೆ ಬದಿ ಈಚೆ ಬದಿಯ ಈ ಎರಡು ಊರುಗಳಿಗೆ ಪರಸ್ಪರ ಯಾವ ಸಂಬಂಧವೂ ಇರಲಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದೇ ಕಥೆಯನ್ನು ಎರಡು ಸಲ ಓದಿದ ಹಾಗೆ ನನಗೆ ಆಗುತ್ತದೆ. ಎರಡೂ ಕಡೆ ನೆಲ ಮುಗಿದು ಹೋಗುವ ತುದಿ. ಎರಡೂ ಕಡೆ ಹಳಿ ಮುಗಿದಲ್ಲಿ ಹಡಗು ಕಾದಿರುತ್ತಿತ್ತು. ಅಲ್ಲಿ ಕ್ಯೂಬಾದ ಹವಾನಾಕ್ಕೆ, ಇಲ್ಲಿ ಸಿಲೋನಿನ ತಲೈಮನ್ನಾರಿಗೆ. ನ್ಯೂಯಾರ್ಕಿನಲ್ಲಿ ಟಿಕೆಟ್ ಕೊಂಡವನು ಅದೇ ಟಿಕೆಟಿನಲ್ಲಿ ಹವಾನಾ ಸೇರಬಹುದಿತ್ತು, ಮದ್ರಾಸಿನ ಎಗ್ಮೋರಿನಲ್ಲಿ ಟಿಕೆಟ್ ಕೊಂಡವನು ಅದೇ ಟಿಕೆಟಿನಲ್ಲಿ ಕೊಲಂಬೊ ಸೇರಬಹುದಿತ್ತು. ಎರಡೂ ಬಿಸಿಲಿನ, ತೆಂಗಿನ, ಹವಳದ ಸೀಮೆ. ಎರಡನ್ನೂ ಚಂಡಮಾರುತ ಒಂದೇ ರಾತ್ರಿಯಲ್ಲಿ ಮುಗಿಸಿತು, 1935ರಲ್ಲಿ ಅಲ್ಲಿ, 1964ರಲ್ಲಿ ಇಲ್ಲಿ. ಎರಡೂ ರಾತ್ರಿ ಆ ಕತ್ತಲಿನಲ್ಲಿ, ಆ ಗಾಳಿಯಲ್ಲಿ, ಕಡಲಿನ ಕಡೆಗೆ ಒಂದು ರೈಲು ಹೊರಟಿತ್ತು.

ಆ ಎರಡು ರೈಲುಗಳು ಯಾಕೆ ಹೊರಟವು ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡಿದ ಪ್ರಶ್ನೆ. ಈ ಬರಹ ಅದರ ಸುತ್ತಲೇ ಇದೆ.

*

ಫ್ಲಾರಿಡಾದ ತುದಿಯಿಂದ ನೈಋತ್ಯಕ್ಕೆ ಬಾಗಿ ಕಡಲೊಳಗೆ ಹೋಗುವ ಸಣ್ಣ ಸಣ್ಣ ದ್ವೀಪಗಳ ಸಾಲಿಗೆ ಫ್ಲಾರಿಡಾ ಕೀಸ್ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ‘ಕಾಯೊ’ ಎಂದರೆ ಚಿಕ್ಕ ದ್ವೀಪ, ಅದೇ ಇಂಗ್ಲಿಷರ ಬಾಯಲ್ಲಿ ‘ಕೀ’ ಆಯಿತು. ಹಳೆಯ ಹವಳದ ದಿಬ್ಬಗಳು ಇವು. ಹೆಚ್ಚಿನವು ಸಮುದ್ರ ಮಟ್ಟಕ್ಕಿಂತ ಒಂದೆರಡು ಆಳು ಎತ್ತರ, ಅಷ್ಟೆ.

ಈ ದ್ವೀಪಗಳ ಮೇಲೆ ರೈಲು ಓಡಿಸುವ ಹಟ ತೊಟ್ಟವನು ಹೆನ್ರಿ ಫ್ಲ್ಯಾಗ್ಲರ್. ರಾಕ್‌ಫೆಲ್ಲರನ ಜೊತೆ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಕಟ್ಟಿ ಅಪಾರ ಹಣ ಮಾಡಿದ ಮನುಷ್ಯ. ಐವತ್ತು ದಾಟಿದ ಮೇಲೆ ಅವನಿಗೆ ಫ್ಲಾರಿಡಾದ ಹುಚ್ಚು ಹಿಡಿಯಿತು. ಉತ್ತರದ ಚಳಿಗೆ ಬೇಸತ್ತ ಶ್ರೀಮಂತರನ್ನು ದಕ್ಷಿಣದ ಬೆಚ್ಚಗಿನ ಕಡಲ ತೀರಕ್ಕೆ ಕರೆತರುವುದು ಅವನ ಲೆಕ್ಕಾಚಾರ. 1888ರಲ್ಲಿ ಸೇಂಟ್ ಅಗಸ್ಟೀನ್ ಎಂಬಲ್ಲಿ ಅರಮನೆಯಂಥ ಹೋಟೆಲು ತೆರೆದ. 1894ರಲ್ಲಿ ಪಾಮ್ ಬೀಚಿನಲ್ಲಿ ಇನ್ನೊಂದು. 1896ರಲ್ಲಿ ಅವನ ರೈಲು ಮಯಾಮಿ ಮುಟ್ಟಿತು. ಆಗ ಮಯಾಮಿ ಕೆಲವೇ ನೂರು ಜನರ ಊರು. ಹಳಿ ಹಾಕುವುದು, ಅದರ ತುದಿಯಲ್ಲಿ ಹೋಟೆಲು ಕಟ್ಟುವುದು, ಹೋಟೆಲಿಗೆ ಬಂದವರು ಜಾಗ ಕೊಳ್ಳುವುದು: ಇಂದು ನಾವು ಕಾಣುವ ಕಡಲತೀರದ ಪ್ರವಾಸೋದ್ಯಮಕ್ಕೆ ಈ ಸೂತ್ರ ಹೊಸದೇನಲ್ಲ.

1905ರಲ್ಲಿ ಫ್ಲ್ಯಾಗ್ಲರ್ ಮಯಾಮಿಯಿಂದ ಮುಂದಕ್ಕೆ, 250 ಕಿಲೋಮೀಟರು ದೂರದ ಕೀ ವೆಸ್ಟಿನವರೆಗೆ ಹಳಿ ಹಾಕಿಸುವುದಾಗಿ ಹೇಳಿದಾಗ ಅವನಿಗೆ 75 ವರ್ಷ. ಪನಾಮಾ ಕಾಲುವೆ ತೆಗೆಯುವ ಕೆಲಸ ನಡೆಯುತ್ತಿತ್ತು. ಕಾಲುವೆಯಿಂದ ಬರುವ ಹಡಗುಗಳಿಗೆ ಅಮೆರಿಕದ ಅತಿ ಹತ್ತಿರದ ಆಳ ಬಂದರು ಕೀ ವೆಸ್ಟ್ ಎಂಬ ಆಸೆ. ಜನ ಇದನ್ನು ಫ್ಲ್ಯಾಗ್ಲರನ ಮೂರ್ಖತನ ಎಂದು ಕರೆದರು. ಅದಕ್ಕೆ ಕಾರಣವೂ ಇತ್ತು. ಆ ದ್ವೀಪಗಳಲ್ಲಿ ಕುಡಿಯುವ ನೀರಿಲ್ಲ, ನೀರನ್ನು ಪೀಪಾಯಿಗಳಲ್ಲಿ ರೈಲಿನಲ್ಲೇ ಸಾಗಿಸಬೇಕು. ಸೊಳ್ಳೆಗಳಿಗೆ ಲೆಕ್ಕವಿಲ್ಲ. ಕೆಲಸಕ್ಕೆ ಬಹಾಮಾಸಿನಿಂದ, ಕೇಮನ್ ದ್ವೀಪಗಳಿಂದ, ಸ್ಪೇನಿನಿಂದ, ನ್ಯೂಯಾರ್ಕಿನ ಬೀದಿಗಳಿಂದ ಜನರನ್ನು ತರಿಸಿದರು. ಕೂಲಿಗಳನ್ನು ಬಲವಂತದಿಂದ ಹಿಡಿದಿಟ್ಟುಕೊಂಡ ಆರೋಪದ ಮೇಲೆ ಮೊಕದ್ದಮೆಯೂ ನಡೆಯಿತು, ಆದರೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

1906ರ ಅಕ್ಟೋಬರ್ 18ರಂದು ಚಂಡಮಾರುತ ಮೊದಲ ಸಲ ಲೆಕ್ಕ ಕೇಳಿತು. ಕೂಲಿಗಳನ್ನು ಮಲಗಿಸುತ್ತಿದ್ದುದು ತೇಲುವ ದೋಣಿಮನೆಗಳಲ್ಲಿ. ಗಾಳಿಗೆ ಲಂಗರು ಕಿತ್ತು ಅವು ಕಡಲ ಪಾಲಾದವು. ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕೂಲಿಗಳನ್ನು ದಡದ ಮೇಲಿನ ಬಿಡಾರಗಳಲ್ಲಿ ಇಡಲು ಶುರು ಮಾಡಿದರು. 1909ರಲ್ಲಿ, 1910ರಲ್ಲಿ ಮತ್ತೆ ಚಂಡಮಾರುತ. ಮಣ್ಣು ಕಲ್ಲು ಸುರಿದು ಎಬ್ಬಿಸಿದ ಏರಿಗಳು ಕೊಚ್ಚಿಹೋದವು. ಕಡಲಿಗೆ ಅಡ್ಡವಾಗಿ ಏರಿ ಹಾಕಿದರೆ ನೀರು ಹಾದುಹೋಗಲು ದಾರಿ ಬೇಕು ಎಂಬ ಪಾಠವನ್ನು ಎಂಜಿನಿಯರುಗಳು ಹೀಗೆ ಪೆಟ್ಟು ತಿಂದು ಕಲಿತರು. ಏರಿ ಕಡಿಮೆ ಮಾಡಿ ಸೇತುವೆ ಹೆಚ್ಚು ಮಾಡಿದರು. ಲಾಂಗ್ ಕೀಯ ಬಳಿ 180 ಕಮಾನುಗಳ ಸೇತುವೆ, ಅದಕ್ಕೂ ಮುಂದೆ ಏಳು ಮೈಲಿ ಉದ್ದದ ಸೇತುವೆ.

82 ವರ್ಷದ ಫ್ಲ್ಯಾಗ್ಲರ್ ಆ ಮೊದಲ ರೈಲಿನಲ್ಲೇ ಕೀ ವೆಸ್ಟಿಗೆ ಬಂದ. ಅವನ ದೃಷ್ಟಿ ಆಗಲೇ ಬಹುಮಟ್ಟಿಗೆ ಮಂದವಾಗಿತ್ತು. ಹದಿನಾರು ತಿಂಗಳ ಮೇಲೆ, 1913ರ ಮೇ ತಿಂಗಳಲ್ಲಿ, ತನ್ನ ಮನೆಯ ಮೆಟ್ಟಿಲಿನಿಂದ ಬಿದ್ದ ಪೆಟ್ಟಿನಿಂದಲೇ ತೀರಿಕೊಂಡ. ಪನಾಮಾದ ಸರಕು ಅವನು ಎಣಿಸಿದಷ್ಟು ಬರಲೇ ಇಲ್ಲ. ಬಂದದ್ದು ಪ್ರವಾಸಿಗಳು. ಕಡಲ ಮೇಲೆ ಗಂಟೆಗೆ ಹದಿನೈದು ಮೈಲಿಯಂತೆ ನಿಧಾನವಾಗಿ ಹೋಗುವ ರೈಲಿನ ಕಿಟಕಿಯಿಂದ ಎರಡೂ ಕಡೆ ನೀಲಿ ಹಸಿರು ನೀರು ನೋಡುವುದೇ ಒಂದು ಸಾಹಸವಾಗಿ ಮಾರಾಟವಾಯಿತು. ಲಾಂಗ್ ಕೀಯಲ್ಲಿ ಕೂಲಿಗಳಿದ್ದ ಬಿಡಾರವೇ ಮುಂದೆ ಶ್ರೀಮಂತರ ಮೀನು ಗಾಳದ ಶಿಬಿರವಾಯಿತು. ಕೌಬಾಯ್ ಕಾದಂಬರಿಗಳ ಝೇನ್ ಗ್ರೇ ಅಲ್ಲಿಗೆ ತಪ್ಪದೆ ಬರುತ್ತಿದ್ದ, ಅಲ್ಲಿನ ಗಾಳಗಾರರ ಕ್ಲಬ್ಬಿಗೆ ಮೊದಲ ಅಧ್ಯಕ್ಷನೂ ಆದ. ಅಮೆರಿಕದಲ್ಲಿ ಪಾನನಿಷೇಧವಿದ್ದ ಹದಿಮೂರು ವರ್ಷ ಹವಾನಾ ಹಡಗಿಗೆ ಜನವೋ ಜನ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಪ್ರವಾಸಿಗಳೆಲ್ಲ ಬರುತ್ತಿದ್ದುದು ಚಳಿಗಾಲದಲ್ಲಿ. ಅಟ್ಲಾಂಟಿಕಿನ ಚಂಡಮಾರುತಗಳ ಕಾಲ ಜೂನ್‌ನಿಂದ ನವೆಂಬರ್. ಅದರಲ್ಲೂ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಕಠಿಣ. ಆ ತಿಂಗಳುಗಳಲ್ಲಿ ಫ್ಲ್ಯಾಗ್ಲರನ ದೊಡ್ಡ ಹೋಟೆಲುಗಳು ಬಾಗಿಲು ಹಾಕಿರುತ್ತಿದ್ದವು. ದ್ವೀಪಗಳಲ್ಲಿ ಉಳಿಯುತ್ತಿದ್ದವರು ಬೇರೆಲ್ಲೂ ಹೋಗಲಾರದವರು.

*

1935ರ ಬೇಸಿಗೆಯ ಕೊನೆಗೆ ಹಾಗೆ ಉಳಿದವರಲ್ಲಿ ಮೊದಲ ಮಹಾಯುದ್ಧದ ಮಾಜಿ ಸೈನಿಕರು ನೂರಾರು ಮಂದಿ ಇದ್ದರು. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು. ಕೊಡುತ್ತೇವೆಂದಿದ್ದ ಬೋನಸ್ ಹಣ ಕೊಡಿ ಎಂದು 1932ರಲ್ಲಿ ಸಾವಿರಗಟ್ಟಲೆ ಮಾಜಿ ಸೈನಿಕರು ವಾಷಿಂಗ್ಟನ್ನಿಗೆ ಹೋಗಿ ಬಿಡಾರ ಹೂಡಿದ್ದರು, ಸೈನ್ಯ ಬಿಟ್ಟು ಅವರನ್ನು ಓಡಿಸಲಾಗಿತ್ತು. ಮುಂದಿನ ಸರಕಾರ ಇಂಥವರಿಗೆ ಪರಿಹಾರ ಕಾಮಗಾರಿ ಎಂದು ಕೆಲಸ ಕೊಟ್ಟಿತು. ಕೀಸ್ ದ್ವೀಪಗಳಲ್ಲಿ ಮೋಟಾರು ರಸ್ತೆಗೆ ಸೇತುವೆ ಕಟ್ಟುವುದು ಅದರಲ್ಲೊಂದು. ಮಟಕಂಬಿ, ವಿಂಡ್ಲಿ ಎಂಬ ದ್ವೀಪಗಳಲ್ಲಿ, ಕಡಲ ಮಟ್ಟಕ್ಕೆ ಸಮವಾದ ನೆಲದಲ್ಲಿ, ಡೇರೆ ಮತ್ತು ಹಲಗೆಯ ಗುಡಿಸಲುಗಳಲ್ಲಿ ಅವರ ವಾಸ.

ಚಂಡಮಾರುತ ಬರುತ್ತಿರುವುದು ಯಾರಿಗೂ ತಿಳಿಯದೆ ಇರಲಿಲ್ಲ. ಸೆಪ್ಟೆಂಬರ್ 1ರ ಭಾನುವಾರವೇ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಅದು ದ್ವೀಪಗಳ ದಕ್ಷಿಣಕ್ಕೆ ಹಾದುಹೋಗಬಹುದು ಎಂಬುದು ಅಂದಾಜು. ಉಪಗ್ರಹವಿಲ್ಲದ, ರಡಾರ್ ಇಲ್ಲದ ಕಾಲ, ಹಡಗುಗಳು ಕಳಿಸಿದ ಸುದ್ದಿಯೇ ಆಧಾರ. ಸೋಮವಾರ, ಸೆಪ್ಟೆಂಬರ್ 2, ಕಾರ್ಮಿಕ ದಿನದ ರಜೆ. ಗಾಳಿ ಏರುತ್ತಾ ಹೋದಂತೆ ಮಧ್ಯಾಹ್ನದ ಹೊತ್ತಿಗೆ ಶಿಬಿರದ ಅಧಿಕಾರಿಗಳು ಜನರನ್ನು ಹೊರತರಲು ವಿಶೇಷ ರೈಲು ಕೇಳಿದರು. ರಜೆಯ ದಿನ ಸಿಬ್ಬಂದಿ ಸೇರಿಸಿ ರೈಲು ಹೊರಡುವಾಗ ಸಂಜೆ 4 ಗಂಟೆ ದಾಟಿತ್ತು. ಮಯಾಮಿ ನದಿಯ ಸೇತುವೆಯನ್ನು ರಜೆಯ ವಿಹಾರದ ದೋಣಿಗಳಿಗಾಗಿ ಎತ್ತಿದ್ದರು, ಅಲ್ಲಿ ಕಾದದ್ದಾಯಿತು. ಬರುವಾಗ ಎಂಜಿನ್ ಮುಂದೆ ಇರಲಿ ಎಂದು ಹೋಮ್‌ಸ್ಟೆಡ್ಡಿನಲ್ಲಿ ಎಂಜಿನ್ ತಿರುಗಿಸಿ ಬೋಗಿಗಳನ್ನು ಹಿಂದಿನಿಂದ ತಳ್ಳಿಕೊಂಡು ಹೋದರು. ಮುಂದೆ ಒಂದು ಕಡೆ ತುಂಡಾಗಿ ಜೋತಾಡುತ್ತಿದ್ದ ದಪ್ಪ ತಂತಿ ಎಂಜಿನ್ನಿಗೆ ಸಿಕ್ಕಿಕೊಂಡಿತು, ಅದನ್ನು ಕತ್ತರಿಸುವುದರಲ್ಲಿ ಮತ್ತೆ ಹೊತ್ತು ಹೋಯಿತು. ಐಲಮೊರಾಡ ಎಂಬ ಊರು ಮುಟ್ಟುವಾಗ ರಾತ್ರಿ 8 ಗಂಟೆ ಮೀರಿತ್ತು. ಜನ ಹತ್ತುತ್ತಿರುವಾಗಲೇ ಕಡಲು ಬಂತು. ಐದು ಮೀಟರಿಗೂ ಮಿಕ್ಕಿದ ನೀರಿನ ಗೋಡೆ ಬೋಗಿಗಳನ್ನೆಲ್ಲ ಹಳಿಯಿಂದ ಆಚೆ ಉರುಳಿಸಿತು. 447ನೇ ನಂಬರಿನ ಎಂಜಿನ್ ಮಾತ್ರ ತನ್ನ ಭಾರದಿಂದಲೇ ಹಳಿಯ ಮೇಲೆ ನಿಂತಿತ್ತು. ರೈಲು ಮುಟ್ಟಬೇಕಾಗಿದ್ದ ಮುಂದಿನ ಶಿಬಿರಗಳವರಿಗೆ ಅದರ ದೀಪವೂ ಕಾಣಲಿಲ್ಲ.

ಆ ರಾತ್ರಿ ವಾಯುಭಾರ 892 ಮಿಲಿಬಾರಿಗೆ ಇಳಿದಿತ್ತು. ಅಮೆರಿಕದ ನೆಲಕ್ಕೆ ಅಪ್ಪಳಿಸಿದ ಚಂಡಮಾರುತಗಳಲ್ಲಿ ಇವತ್ತಿಗೂ ಅದಕ್ಕಿಂತ ಕಡಿಮೆ ಅಂಕಿ ದಾಖಲಾಗಿಲ್ಲ. ಸತ್ತವರು ನಾನೂರಕ್ಕೂ ಹೆಚ್ಚು, ಅರ್ಧಕ್ಕಿಂತ ಹೆಚ್ಚು ಜನ ಆ ಮಾಜಿ ಸೈನಿಕರು.

ಆಗ ಕೀ ವೆಸ್ಟಿನಲ್ಲಿ ಮನೆ ಮಾಡಿದ್ದ ಅರ್ನೆಸ್ಟ್ ಹೆಮಿಂಗ್ವೆ ದೋಣಿಯಲ್ಲಿ ಹೋಗಿ ಹೆಣಗಳನ್ನು ನೋಡಿದ. ಎರಡು ವಾರದಲ್ಲಿ ‘ನ್ಯೂ ಮಾಸಸ್’ ಪತ್ರಿಕೆಯಲ್ಲಿ ಅವನ ಲೇಖನ ಬಂತು. ಈ ಸೈನಿಕರನ್ನು ಕೊಂದವರು ಯಾರು ಎಂಬುದು ಅದರ ಶೀರ್ಷಿಕೆಯ ಪ್ರಶ್ನೆ. ಹಣವಂತರು, ವಿಹಾರ ನೌಕೆಯವರು ಚಂಡಮಾರುತದ ತಿಂಗಳುಗಳಲ್ಲಿ ಈ ದ್ವೀಪಗಳ ಕಡೆ ತಲೆ ಹಾಕುವುದಿಲ್ಲ, ತಮ್ಮ ಸ್ವತ್ತಿಗೆ ಅಪಾಯ ಎಂಬುದು ಅವರಿಗೆ ಗೊತ್ತು, ಹಾಗಿರುವಾಗ ಈ ಬಡವರನ್ನು ಅದೇ ತಿಂಗಳಲ್ಲಿ ಇಲ್ಲಿ ಇಟ್ಟವರು ಯಾರು ಎಂಬುದು ಅವನ ವಾದದ ತಿರುಳು. ಸರಕಾರದ ವಿಚಾರಣೆ ಇದನ್ನು ದೈವಕೃತ ಎಂದು ಮುಗಿಸಿತು. ಹೆಮಿಂಗ್ವೆಯ ಕಾದಂಬರಿಗಳನ್ನು ಓದಿದ ನಮ್ಮ ವಿದ್ಯಾರ್ಥಿಗಳು ಈ ಲೇಖನವನ್ನೂ ಹುಡುಕಿ ಓದಬೇಕು ಎಂದು ನನಗೆ ಅನ್ನಿಸುತ್ತದೆ. ಮಿತಮಾತಿನ ಲೇಖಕ ಎಂದು ಹೆಸರಾದವನು ಸಿಟ್ಟಿನಲ್ಲಿ ಹೇಗೆ ಬರೆಯುತ್ತಾನೆ ಎಂಬುದು ಅಲ್ಲಿ ತಿಳಿಯುತ್ತದೆ.

ರೈಲು ಮತ್ತೆ ಓಡಲಿಲ್ಲ. 1931ರಲ್ಲೇ ದಿವಾಳಿಯಂಚಿಗೆ ಬಂದಿದ್ದ ಕಂಪನಿ, ಎರಡು ಕೋಟಿ ಡಾಲರಿಗೂ ಮಿಕ್ಕಿ ಖರ್ಚಾದ ಆ ಹಾದಿಯನ್ನು 6,40,000 ಡಾಲರಿಗೆ ಮಾರಿತು. ಉಳಿದಿದ್ದ ರೈಲು ಸೇತುವೆಗಳ ಮೇಲೆಯೇ ಕಾರುಗಳ ರಸ್ತೆ ಮಾಡಿ 1938ರಲ್ಲಿ ತೆರೆದರು. ಕಿತ್ತ ಹಳಿಗಳನ್ನೇ ರಸ್ತೆಯ ಪಕ್ಕದ ತಡೆಗಂಬಿಗಳಾಗಿ ನಿಲ್ಲಿಸಿದರು. ಇಂದು ಲಕ್ಷಾಂತರ ಜನ ಆ ದಾರಿಯಲ್ಲಿ ಕಾರು, ಸೈಕಲ್ಲು ಓಡಿಸುತ್ತಾರೆ, ಹವಳದ ದಿಬ್ಬಗಳಲ್ಲಿ ಮುಳುಗು ಹಾಕುತ್ತಾರೆ.

*

ಈಗ ನಮ್ಮ ಕಡೆಗೆ ಬರೋಣ. ಸೇತು ಎಂಬ ಹೆಸರು ಕನ್ನಡದ ಹಳ್ಳಿ ಮನೆಗಳಲ್ಲಿ ಪಾಂಬನ್ ಸೇತುವೆಗಿಂತ ಬಹಳ ಹಳೆಯದು. ಕಾಶಿಯಾತ್ರೆ ಪೂರ್ಣವಾಗಬೇಕಾದರೆ ಧನುಷ್ಕೋಡಿಯಲ್ಲಿ ಸೇತುಸ್ನಾನ ಮಾಡಿ, ಅಲ್ಲಿನ ಮರಳನ್ನು ಕೊಂಡುಹೋಗಿ ಪ್ರಯಾಗದಲ್ಲಿ ಬಿಟ್ಟು, ಅಲ್ಲಿಂದ ಗಂಗೆ ತಂದು ರಾಮನಾಥಸ್ವಾಮಿಗೆ ಅಭಿಷೇಕ ಮಾಡಿಸಬೇಕು ಎಂಬುದು ರೂಢಿ. ನಮ್ಮ ಅಜ್ಜಿ ರಾಮೇಶ್ವರ ಎನ್ನುವುದಕ್ಕಿಂತ ‘ಸೇತು’ ಎಂದೇ ಹೆಚ್ಚು ಹೇಳುತ್ತಿದ್ದರು. ಮೈಸೂರು ಸೀಮೆಯ ಎಷ್ಟೋ ಹಿರಿಯರಿಗೆ ಜೀವನದಲ್ಲಿ ಮೊದಲ ಸಲ ಕಡಲು ಕಂಡದ್ದು ಪಾಂಬನ್ನಿನ ರೈಲಿನ ಕಿಟಕಿಯಿಂದ. ವಿವೇಕಾನಂದರು ವಿದೇಶದಿಂದ ಮರಳಿ 1897ರ ಜನವರಿಯಲ್ಲಿ ಭಾರತದ ನೆಲಕ್ಕೆ ಕಾಲಿಟ್ಟದ್ದೂ ಪಾಂಬನ್ನಿನಲ್ಲೇ. ಆಗ ಸೇತುವೆ ಇರಲಿಲ್ಲ, ಕೊಲಂಬೊ ಕಡೆಯಿಂದ ಹಡಗಿನಲ್ಲಿ ಬಂದಿದ್ದರು.

ಆದರೆ ಈ ಹಳಿ ಹಾಕಿದ್ದು ಯಾತ್ರಿಕರ ಸಲುವಾಗಿ ಅಲ್ಲ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸಿಲೋನಿನ ಕಾಫಿ, ಆಮೇಲೆ ಚಹಾ ತೋಟಗಳಿಗೆ ತಮಿಳು ನಾಡಿನ ಕೂಲಿಗಳು ಹೋಗುತ್ತಿದ್ದರು. ದೋಣಿಯಲ್ಲಿ ಮನ್ನಾರಿಗೆ ದಾಟಿ, ಅಲ್ಲಿಂದ ಕಾಡಿನ ಹಾದಿಯಲ್ಲಿ ವಾರಗಟ್ಟಲೆ ನಡೆದು ಬೆಟ್ಟ ಸೇರಬೇಕು. ಕಾಲರಾ, ಮಲೇರಿಯಾ, ಹಸಿವಿನಿಂದ ಆ ಹಾದಿಯಲ್ಲಿ ಸತ್ತವರು ಅಸಂಖ್ಯ. ತೋಟದ ಮಾಲೀಕರಿಗೆ ಕೂಲಿಗಳು ಬೇಕು, ಬೇಗ ಬೇಕು. ಪಾಂಬನ್ ಸೇತುವೆ, ಧನುಷ್ಕೋಡಿಯ ಹಡಗುಕಟ್ಟೆ, ಆಚೆ ತಲೈಮನ್ನಾರಿನಿಂದ ಕೊಲಂಬೊ ರೈಲು, ಈಚೆ ಮಂಟಪಂನಲ್ಲಿ ಕೂಲಿಗಳನ್ನು ರೋಗದ ತಪಾಸಣೆಗೆ ಇರಿಸಿಕೊಳ್ಳುವ ಕ್ಯಾಂಪು, ಎಲ್ಲವೂ ಈ ಅಗತ್ಯಕ್ಕೆ ಹೊಂದಿಕೊಂಡವು. ಬೋಟ್ ಮೇಲ್ ಎಂದು ಹೆಸರಾದ ರೈಲಿನ ಮೊದಲ ದರ್ಜೆಯಲ್ಲಿ ದೊರೆಗಳು, ಮೂರನೆಯ ದರ್ಜೆಯಲ್ಲಿ ಕೂಲಿಗಳು ಮತ್ತು ಯಾತ್ರಿಕರು. ಧನುಷ್ಕೋಡಿಯಿಂದ ತಲೈಮನ್ನಾರಿಗೆ ಮೂವತ್ತು ಕಿಲೋಮೀಟರಿನಷ್ಟು ದೂರ. ‘ಇರ್ವಿನ್’, ‘ಗೋಷೆನ್’ ಎಂಬ ಹಡಗುಗಳು ಅಲ್ಲಿ ಓಡಾಡುತ್ತಿದ್ದವು.

ಸೇತುವೆಯ ಉದ್ದ ಸುಮಾರು 2.06 ಕಿಲೋಮೀಟರು. ನಡುವಿನ ಒಂದು ಭಾಗ ಎರಡು ರೆಕ್ಕೆಯ ಹಾಗೆ ಮೇಲಕ್ಕೆ ಎದ್ದು ಹಡಗುಗಳಿಗೆ ದಾರಿ ಬಿಡುತ್ತಿತ್ತು. ಹಳಿ ಮುಗಿಯುವ ಧನುಷ್ಕೋಡಿ ಐವತ್ತು ವರ್ಷದಲ್ಲಿ ಒಂದು ಊರಾಗಿ ಬೆಳೆಯಿತು. ಸ್ಟೇಷನ್ನು, ಪೋಸ್ಟಾಫೀಸು, ಸುಂಕದ ಕಚೇರಿ, ಶಾಲೆ, ಚರ್ಚು, ಛತ್ರ. ಒಂದು ಪಕ್ಕ ಬಂಗಾಳ ಕೊಲ್ಲಿ, ಇನ್ನೊಂದು ಪಕ್ಕ ಮನ್ನಾರ್ ಕೊಲ್ಲಿ, ನಡುವೆ ಒಂದು ಪಟ್ಟಿ ಮರಳು.

*

1964ರ ಡಿಸೆಂಬರ್ ಮಧ್ಯದಲ್ಲಿ ದಕ್ಷಿಣ ಅಂಡಮಾನ್ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಯಿತು. ಪಶ್ಚಿಮಕ್ಕೆ ಸರಿಯುತ್ತಾ ಬಲಿತು ಡಿಸೆಂಬರ್ 22ರಂದು ಅದು ಸಿಲೋನಿನ ಉತ್ತರ ಭಾಗವನ್ನು ದಾಟಿತು. ಎಂದರೆ ಅದು ನಾಲ್ಕೈದು ದಿನ ಕಡಲ ಮೇಲೆ ಪ್ರಯಾಣ ಮಾಡಿ, ಒಂದು ದೇಶವನ್ನು ಹೊಡೆದು, ಆಮೇಲೆ ಧನುಷ್ಕೋಡಿಗೆ ಬಂತು.

ಆ ರಾತ್ರಿ ಪಾಂಬನ್ನಿನಿಂದ ಧನುಷ್ಕೋಡಿಗೆ ಹೋಗುವ 653ನೇ ನಂಬರಿನ ಪ್ಯಾಸೆಂಜರ್ ರೈಲು ತನ್ನ ದಿನದ ಕೆಲಸಕ್ಕೆ ಹೊರಟಿತು. ಆರು ಬೋಗಿ, ನೂರಕ್ಕೂ ಹೆಚ್ಚು ಜನ. ಪ್ರವಾಸ ಬಂದಿದ್ದ ವಿದ್ಯಾರ್ಥಿಗಳೂ ಅದರಲ್ಲಿದ್ದರು ಎನ್ನುತ್ತಾರೆ. ಧನುಷ್ಕೋಡಿ ಸ್ಟೇಷನ್ನಿಗೆ ಇನ್ನು ಕೆಲವೇ ನೂರು ಮೀಟರು ಇರುವಾಗ ಸಿಗ್ನಲ್ ದೀಪ ಆರಿತ್ತು ಎಂದೂ, ಡ್ರೈವರು ಸ್ವಲ್ಪ ಹೊತ್ತು ಕಾದು, ಒಂದು ಉದ್ದ ಸೀಟಿ ಹಾಕಿ ಮುಂದಕ್ಕೆ ಬಿಟ್ಟ ಎಂದೂ ಹೇಳುತ್ತಾ ಬಂದಿದ್ದಾರೆ. ಆ ರೈಲಿನಿಂದ ಯಾರೂ ಬದುಕಿ ಬರಲಿಲ್ಲವಾದ್ದರಿಂದ ಈ ಮಾತನ್ನು ನಾನು ದಂತಕಥೆಯ ಸಾಲಿಗೇ ಸೇರಿಸುತ್ತೇನೆ. ನಡೆದದ್ದು ಇಷ್ಟು: ಏಳು ಮೀಟರಿನಷ್ಟು ಎತ್ತರಕ್ಕೆ ಏರಿದ ಕಡಲು ರೈಲನ್ನೂ ಊರನ್ನೂ ಒಟ್ಟಿಗೆ ತೆಗೆದುಕೊಂಡಿತು. ತಂತಿ, ಟೆಲಿಫೋನು ಎಲ್ಲ ಹರಿದುಹೋಗಿ, ರೈಲು ಏನಾಯಿತೆಂಬುದು ಮದ್ರಾಸಿಗೆ ಖಚಿತವಾಗಿ ತಿಳಿಯಲು ದಿನಗಳೇ ಹಿಡಿದವು. ರಾಮೇಶ್ವರದ ದೇವಸ್ಥಾನದ ಹತ್ತಿರಕ್ಕೆ ಬಂದು ನೀರು ನಿಂತಿತು, ಒಳಗೆ ನೂರಾರು ಜನ ಆಶ್ರಯ ಪಡೆದಿದ್ದರು. ಭಾರತ, ಸಿಲೋನ್ ಎರಡೂ ಕಡೆ ಸೇರಿ ಸುಮಾರು 1,800 ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ.

ಐಲಮೊರಾಡದ ರೈಲು ಜನರನ್ನು ಬಿಡಿಸಿ ತರಲು ಹೊರಟಿತ್ತು, ತಡವಾಗಿ ಹೊರಟಿತ್ತು. ಧನುಷ್ಕೋಡಿಯ ರೈಲು ವೇಳಾಪಟ್ಟಿಯಲ್ಲಿ ಇದ್ದುದರಿಂದ ಹೊರಟಿತ್ತು. ಅಲ್ಲಿ ಎಚ್ಚರಿಕೆ ಗೊತ್ತಿದ್ದೂ ತೀರ್ಮಾನ ಸಂಜೆಯ ತನಕ ಆಗಲಿಲ್ಲ. ಇಲ್ಲಿ ಕಡಲಾಚೆ ಒಂದು ದೇಶ ಆಗಲೇ ತತ್ತರಿಸಿದ್ದರೂ ಈಚೆ ದಡದಲ್ಲಿ ಗಾರ್ಡು ಹಸಿರು ದೀಪ ತೋರಿಸಿದ. ಡ್ರೈವರನನ್ನಾಗಲಿ ಗಾರ್ಡನ್ನಾಗಲಿ ದೂರುವುದು ಸರಿಯಲ್ಲ ಎಂದು ನಾನು ತಿಳಿಯುತ್ತೇನೆ. ಗಾಳಿ ಎಷ್ಟಿದ್ದರೆ ರೈಲು ಬಿಡಬಾರದು ಎಂದು ಅಳೆದು ಹೇಳುವ ಯಂತ್ರ ಅವರ ಕೈಯಲ್ಲಿ ಇರಲಿಲ್ಲ. ಬಿಡುವುದಿಲ್ಲ ಎನ್ನುವ ಅಧಿಕಾರ ಇಬ್ಬರಲ್ಲಿ ಯಾರಿಗೆ ಇರಬೇಕು ಎಂದು ಯಾರೂ ಯೋಚಿಸಿರಲಿಲ್ಲ.

*

ಪಾಂಬನ್ ಸೇತುವೆಯ ನೂರಿಪ್ಪತ್ತಕ್ಕೂ ಹೆಚ್ಚು ಗರ್ಡರುಗಳು ಆ ರಾತ್ರಿ ಕಡಲಿಗೆ ಬಿದ್ದವು. ಕಂಬಗಳು ನಿಂತವು, ನಡುವಿನ ಎದ್ದೇಳುವ ಭಾಗವೂ ಉಳಿಯಿತು. ದುರಸ್ತಿಗೆ ಆರು ತಿಂಗಳ ಗಡುವು ಕೊಟ್ಟರು, ಅದನ್ನು ಮೂರಕ್ಕೆ ಇಳಿಸಿದರು. ಕೆಲಸ ಬಿದ್ದದ್ದು 32 ವರ್ಷದ ಎಂಜಿನಿಯರ್ ಇ. ಶ್ರೀಧರನ್ ಅವರ ತಲೆಯ ಮೇಲೆ. ಬಿದ್ದ ಗರ್ಡರುಗಳು ಕಡಲ ತಳದಲ್ಲಿ ಎಲ್ಲಿವೆ ಎಂದು ಮೀನುಗಾರರು ತೋರಿಸಿಕೊಟ್ಟರು. ಅವನ್ನು ಮೇಲೆತ್ತಿ ಮತ್ತೆ ಕೂರಿಸಿ 46 ದಿನಕ್ಕೆ ಸೇತುವೆ ಸಿದ್ಧವಾಯಿತು.

ರಾಮೇಶ್ವರಕ್ಕೆ ರೈಲು ಮರಳಿತು, ಧನುಷ್ಕೋಡಿಗೆ ಮರಳಲಿಲ್ಲ. ಊರು ವಾಸಕ್ಕೆ ಯೋಗ್ಯವಲ್ಲ ಎಂದು ಸರಕಾರ ಸಾರಿತು. ಹಡಗು ರಾಮೇಶ್ವರದಿಂದ ಹೊರಡತೊಡಗಿತು. ಅದರಲ್ಲಿ ಬಂದವರು ಯಾರು ಎಂಬುದನ್ನು ನೋಡಬೇಕು. ಚಂಡಮಾರುತಕ್ಕೆ ಎರಡು ತಿಂಗಳು ಮೊದಲು, 1964ರ ಅಕ್ಟೋಬರ್ 30ರಂದು, ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು. ಸಿಲೋನಿನ ತೋಟದ ತಮಿಳರಲ್ಲಿ 5,25,000 ಜನರನ್ನು ಭಾರತ ತನ್ನವರೆಂದು ಒಪ್ಪಿ ವಾಪಸು ಕರೆಸಿಕೊಳ್ಳುವ ಒಪ್ಪಂದ. ಕೂಲಿಗಳನ್ನು ಸಾಗಿಸಲು ತೆರೆದ ದಾರಿಯಲ್ಲೇ ಅವರ ಮೊಮ್ಮಕ್ಕಳು, ಮರಿಮಕ್ಕಳು ತಾವು ಎಂದೂ ಕಾಣದ ದೇಶಕ್ಕೆ ಮರಳಿದರು. 1980ರ ದಶಕದಲ್ಲಿ ಆಚೆ ದಡದಲ್ಲಿ ಜನಾಂಗೀಯ ಯುದ್ಧ ಶುರುವಾಗಿ ಆ ಹಡಗೂ ನಿಂತಿತು. ಮಂಟಪಂ ಕ್ಯಾಂಪು ನಿರಾಶ್ರಿತರ ಶಿಬಿರವಾಯಿತು. ಅತ್ತ ಹವಾನಾ ಹಡಗನ್ನು ಕ್ಯೂಬಾದ ಕ್ರಾಂತಿಯ ನಂತರದ ಹಗೆತನ ನಿಲ್ಲಿಸಿತು. ಚಂಡಮಾರುತ ಹಳಿ ಕಿತ್ತಿತ್ತು, ಉಳಿದಿದ್ದ ನೀರಿನ ದಾರಿಯನ್ನು ರಾಜಕೀಯ ಕಿತ್ತಿತು. ಎರಡು ಜಾಗಗಳ ಹೋಲಿಕೆ ಇಲ್ಲಿಗೂ ಮುಗಿಯಲಿಲ್ಲ.

ಆ ಕಡಲಿನ ಬಗ್ಗೆ ಬೇರೆ ಬಗೆಯ ಒಂದು ಸಾಹಸವನ್ನೂ ಹೇಳಬೇಕು. ಚಂಡಮಾರುತವಾಗಿ ಹದಿನೈದು ತಿಂಗಳಿಗೆ, 1966ರ ಏಪ್ರಿಲ್ 5-6ರಂದು, ಮಿಹಿರ್ ಸೇನ್ ತಲೈಮನ್ನಾರಿನಿಂದ ಧನುಷ್ಕೋಡಿಯವರೆಗೆ ಇಪ್ಪತ್ತೈದು ಗಂಟೆಗೂ ಹೆಚ್ಚು ಹೊತ್ತು ಈಜಿ ಬಂದರು. ಏಪ್ರಿಲ್ ಅಲ್ಲಿ ಎರಡು ಮುಂಗಾರುಗಳ ನಡುವಿನ, ಗಾಳಿ ಇಳಿದಿರುವ ತಿಂಗಳು. ಕಡಲನ್ನು ಗೆಲ್ಲಲು ಹೊರಟವರು ಮೊದಲು ಕೇಳುವುದು ಅದರ ಕಾಲವನ್ನು.

ನಾನು ಧನುಷ್ಕೋಡಿಗೆ ಹೋದದ್ದು 2017ರಲ್ಲಿ ಹೊಸ ರಸ್ತೆ ತೆರೆದ ಮೇಲೆ. ಅದಕ್ಕೆ ಮೊದಲು ಮರಳಿನಲ್ಲಿ ವ್ಯಾನುಗಳು ಏಳುತ್ತಾ ಬೀಳುತ್ತಾ ಹೋಗುತ್ತಿದ್ದವು. ಈಗ ಡಾಂಬರು ರಸ್ತೆ ನೆಟ್ಟಗೆ ಅರಿಚಲ್ ಮುನೈ ತನಕ, ಎರಡು ಕಡಲು ಕೂಡುವ ಜಾಗದವರೆಗೆ. ಹವಳದ ಕಲ್ಲಿನ ಚರ್ಚಿನ ಗೋಡೆ, ಸ್ಟೇಷನ್ನಿನ ಅವಶೇಷ, ನೀರಿನ ಟ್ಯಾಂಕಿನ ಕಂಬಗಳು ನಿಂತಿವೆ. ಅದರ ನೆರಳಲ್ಲಿ ಶಂಖ, ಚಿಪ್ಪಿನ ಸರ ಮಾರುವ ಹೆಂಗಸರು. ಸರಕಾರ ವಾಸಕ್ಕೆ ಯೋಗ್ಯವಲ್ಲ ಎಂದ ಜಾಗದಲ್ಲಿ ಮೀನುಗಾರರ ಗುಡಿಸಲುಗಳಿವೆ. ಕಡಲಿನಿಂದ ಕೆಲವೇ ಮಾರು ದೂರದಲ್ಲಿ ಮರಳು ಬಗೆದು ತೆಗೆದ ಗುಂಡಿಗಳಲ್ಲಿ ಸಿಹಿನೀರು ಸಿಗುತ್ತದೆ. ಒಬ್ಬ ಮುದುಕಿ ಚಿಪ್ಪಿನಲ್ಲಿ ಮೊಗೆದು ಕೊಟ್ಟ ನೀರು ಕುಡಿದೆ. ಒಂದಿಷ್ಟೂ ಉಪ್ಪಿರಲಿಲ್ಲ.

*

ನಮ್ಮ ಕರಾವಳಿಯಲ್ಲಿ ಮೊಗವೀರರು, ಖಾರ್ವಿಗಳು ಮಳೆಗಾಲದ ಆರಂಭಕ್ಕೆ ದೋಣಿ ಎಳೆದು ದಡಕ್ಕೆ ಹಾಕುತ್ತಾರೆ. ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಮತ್ತೆ ನೀರಿಗೆ ಇಳಿಯುತ್ತಾರೆ. ಈಗಿನ ಸರಕಾರಿ ನಿಯಮವೂ ಅದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಇಲ್ಲ. ಕಡಲಿನವರಿಗೆ ಪಂಚಾಂಗ ಇದೆ. ರೈಲಿಗೆ ಇರುವುದು ವೇಳಾಪಟ್ಟಿ. ಪಂಚಾಂಗದಲ್ಲಿ ಹೊರಡಬಾರದ ಹೊತ್ತಿಗೂ ಒಂದು ಮನೆ ಇರುತ್ತದೆ. ಹಳೆಯ ವೇಳಾಪಟ್ಟಿಯಲ್ಲಿ ಹೊರಡುವ ಹೊತ್ತು ಮಾತ್ರ ಇತ್ತು. ಮೇಲಿನ ಎರಡು ಕಥೆಗಳನ್ನು ಓದಿ ನನಗೆ ಉಳಿದದ್ದು ಈ ವ್ಯತ್ಯಾಸ.

ಅದು ತುಂಬುತ್ತಾ ಬಂದಿದೆ, ಆದರೆ ಪ್ರತಿಸಲವೂ ಜೀವ ತೆತ್ತ ಮೇಲೆ. ಪಾಂಬನ್ನಿನಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ ಕೂರಿಸಿ, ಗಂಟೆಗೆ 58 ಕಿಲೋಮೀಟರು ಮೀರಿದರೆ ಸಿಗ್ನಲ್ ತಾನಾಗಿ ಕೆಂಪಾಗುವ ಏರ್ಪಾಡು ಮಾಡಿದರು. ಶ್ರೀಧರನ್ ಮುಂದೆ ಕೊಂಕಣ ರೈಲ್ವೆ ಕಟ್ಟಿದರು. 1998ರ ಜನವರಿಯಲ್ಲಿ ಆ ಮಾರ್ಗ ಪೂರ್ತಿ ತೆರೆದಾಗ ಕಾರವಾರ, ಕುಮಟಾ, ಭಟ್ಕಳ, ಕುಂದಾಪುರಗಳ ಜನಕ್ಕೆ ಮನೆ ಬಾಗಿಲಿಗೆ ರೈಲು ಬಂತು. 2003ರ ಜೂನ್ 22ರಂದು ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರಜಾಕಾಲದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿಯ ಬಳಿ ಮಳೆಗೆ ಕುಸಿದು ಬಿದ್ದ ಬಂಡೆ ಮಣ್ಣಿಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೂ ಅಂಥದೇ ಅಪಘಾತ. ಇವತ್ತು ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆಯೇ ವೇಳಾಪಟ್ಟಿ ಇದೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ರೈಲುಗಳು ನಿಧಾನವಾಗಿ ಹೋಗುತ್ತವೆ. ರೈಲ್ವೆಯವರು ಕೊನೆಗೂ ಒಂದು ಪಂಚಾಂಗ ಮಾಡಿಕೊಂಡರು ಎನ್ನಬಹುದು.

ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಹೊನ್ನಾವರದಲ್ಲಿ ಶರಾವತಿಯ ಮೇಲಿದೆ. ಅದರ ಉದ್ದ 2.06 ಕಿಲೋಮೀಟರು, ಪಾಂಬನ್ನಿನ ಹಳೆಯ ಸೇತುವೆಯಷ್ಟೇ. ಗಾಳಿ ಅಳೆಯುವ ಯಂತ್ರ ಇಟ್ಟಿರುವ ಆ ಮಾರ್ಗದ ನಾಲ್ಕು ಜಾಗಗಳಲ್ಲಿ ಇದೂ ಒಂದು. ಅರಬ್ಬಿ ಸಮುದ್ರದಲ್ಲೂ ಈಚೆಗೆ ಚಂಡಮಾರುತಗಳು ಬಲವಾಗಿ ಬರುತ್ತಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಉದ್ದಕ್ಕೂ ಸಾಗಿ ಮನೆ, ರಸ್ತೆ, ತೆಂಗಿನ ತೋಟಗಳನ್ನು ನುಂಗಿದ್ದನ್ನು ನಾವು ಮರೆಯುವಷ್ಟು ಕಾಲ ಆಗಿಲ್ಲ. ಪಾಂಬನ್ನಿನಲ್ಲಿ 2025ರ ಏಪ್ರಿಲ್‌ನಲ್ಲಿ ಹೊಸ ಸೇತುವೆ ತೆರೆದಿದೆ. ಧನುಷ್ಕೋಡಿಯ ತನಕ ಮತ್ತೆ ಹಳಿ ಹಾಕುವ ಮಾತೂ ಆಗಾಗ ಕೇಳಿಬರುತ್ತದೆ. ಹಾಕಲಿ. ಕಡಲು ನೋಡುವ ಆಸೆ ಮನುಷ್ಯನಿಗೆ ಹೋಗುವಂಥದ್ದಲ್ಲ. ಆದರೆ ಮಳೆಗಾಲದ ಒಂದು ರಾತ್ರಿ ಹೊನ್ನಾವರದಲ್ಲೋ ಮಂಟಪಂನಲ್ಲೋ ರೈಲು ಕಾರಣ ಹೇಳದೆ ಒಂದು ಗಂಟೆ ನಿಂತುಬಿಟ್ಟರೆ, ಗಡಿಯಾರ ನೋಡಿ ಗೊಣಗುವವರಿಗೆ ಪಕ್ಕದಲ್ಲಿ ಕೂತ ಯಾರಾದರೂ 653ನೇ ನಂಬರಿನ ಪ್ಯಾಸೆಂಜರ್ ರೈಲಿನ ಕಥೆ ಹೇಳಬೇಕು.